ಜಾಹೀರಾತು ಯಾರನ್ನು ಕರೆಯುತ್ತದೆ, ಯಾರನ್ನು ಕರೆಯುವುದಿಲ್ಲ: 9ನೇ ತರಗತಿಗೆ ಪಾಠ ಹೇಗೆ?

ಕನ್ನಡ ಅಕ್ಕೋರು, ಹುಬ್ಬಳ್ಳಿ

9ನೇ ತರಗತಿಗೆ ಪತ್ರಿಕಾ ಜಾಹೀರಾತಿನ ಮೇಲೆ 5 ಪೀರಿಯಡ್ ಪಾಠ ಯೋಜಿಸಬೇಕಿದೆ. ಒಂದೊಂದು 40 ನಿಮಿಷ, 42 ಮಕ್ಕಳು. ಪ್ರೊಜೆಕ್ಟರ್ ಇಲ್ಲ, ಹಳೇ ಪೇಪರಿನ ಕಟ್ಟು ಬೇಕಾದಷ್ಟಿದೆ. ತೊಡಕು ಇಷ್ಟೇ: "ಈ ಜಾಹೀರಾತು ಯಾರಿಗೆ?" ಅಂದರೆ "ಎಲ್ಲರಿಗೂ ರೀ" ಅಂತಾರೆ. "ಹೆಂಗ ಸೆಳೀತದ?" ಅಂದರೆ "ಬಣ್ಣ ಚಂದ ಅದ, ಫೋಟೋ ಚಂದ ಅದ". ಇದರಾಚೆ ಒಯ್ಯುವುದು ಹೇಗೆ? ತಂತ್ರಗಳ ಹೆಸರು ಬಾಯಿಪಾಠ ಮಾಡಿಸುವ ಮನಸ್ಸಿಲ್ಲ.

ಕಾಪಿರೈಟರ್, ಕೊಪ್ಪಿಕರ್ ರೋಡ್

ಅಕ್ಕೋರೇ, ಒಂದೇ ಜಾಹೀರಾತು ಕೈಗೆ ಕೊಟ್ಟರೆ ಆ ಉತ್ತರವೇ ಬರುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದಿಲ್ಲದಿದ್ದರೆ ಬಣ್ಣ ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಯಾವಾಗಲೂ ಜೋಡಿ ಕೊಡಿ: ಒಂದೇ ಬಗೆಯ ಸರಕು, ಬೇರೆ ಬೇರೆ ಗಿರಾಕಿ. ದುಬಾರಿ ಸ್ಕೂಟರ್ ಒಂದು, ಮೈಲೇಜಿನ ಬೈಕ್ ಒಂದು. ರೇಷ್ಮೆ ಸೀರೆ ಮಳಿಗೆ ಒಂದು, "ಕೆಜಿ ಲೆಕ್ಕದಲ್ಲಿ ಸೀರೆ" ಒಂದು. ಆಮೇಲೆ ಪ್ರಶ್ನೆಯನ್ನು ತಿರುಗಿಸಿ ಕೇಳಿ: "ಇದು ಯಾರನ್ನು ಕರೆಯುತ್ತಿಲ್ಲ?" ಬೈಕಿನ ಜಾಹೀರಾತಿನಲ್ಲಿ ಹೆಣ್ಣುಮಗಳು ಹಿಂದಿನ ಸೀಟಿನಲ್ಲಿ ಮಾತ್ರ ಇದ್ದಾಳೆ, ಸೀರೆ ಮಳಿಗೆಯದರಲ್ಲಿ ಬೆಲೆಯೇ ಇಲ್ಲ. ಬೆಲೆ ಇಲ್ಲದಿರುವುದೇ ಒಂದು ಮಾತು. ಬೆಲೆ ಕೇಳಿ ಬರುವವರು ಅವರಿಗೆ ಬೇಡ.

ಎರಡನೆಯದು, "ಗಿರಾಕಿ" ಅನ್ನುವ ಒಂದೇ ಪದವನ್ನು ಮೂರಾಗಿ ಒಡೆಯಿರಿ. ಬಳಸುವವರು ಯಾರು, ನಿರ್ಧಾರ ಮಾಡುವವರು ಯಾರು, ರೊಕ್ಕ ಕೊಡುವವರು ಯಾರು? ಏಪ್ರಿಲ್–ಮೇ ತಿಂಗಳ ಶಾಲಾ ಪ್ರವೇಶದ ಜಾಹೀರಾತು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಫೋಟೋದಲ್ಲಿ ಮಗು. ತಲೆಬರಹದಲ್ಲಿ "ನಿಮ್ಮ ಮಗುವಿನ ಭವಿಷ್ಯ", ಅಂದರೆ ಮಾತು ತಂದೆ-ತಾಯಿ ಜೊತೆ. ಕೆಳಗೆ ಸಣ್ಣಕ್ಷರದಲ್ಲಿ "ಶುಲ್ಕ ಕಂತಿನಲ್ಲಿ, ಬಸ್ ಸೌಲಭ್ಯವಿದೆ", ಅದು ಕಿಸೆ ನೋಡಿಕೊಳ್ಳುವವರಿಗೆ. ಒಂದೇ ಚೌಕಟ್ಟಿನೊಳಗೆ ಮೂವರ ಜೊತೆ ಮೂರು ದನಿ. ಇದು ಹೊಳೆದ ಮಗು ಮತ್ತೆ "ಎಲ್ಲರಿಗೂ" ಅನ್ನುವುದಿಲ್ಲ.

ಮೂರನೆಯದಾಗಿ ಭಾಷೆ. "ನಮ್ಮ", "ನಿಮ್ಮ" ಎಲ್ಲಿ ಬಂದಿದೆ ಅಂತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಸಿ. ಕ್ರಿಯಾಪದ "ಬನ್ನಿ" ಇದೆಯೋ, "ಬರ್ರಿ" ಇದೆಯೋ, "ಭೇಟಿ ನೀಡಿ" ಇದೆಯೋ? ಹುಬ್ಬಳ್ಳಿ ಆವೃತ್ತಿಯಲ್ಲಿ "ಬರ್ರಿ" ಬಂದರೆ ಅದು ಊರಿನವರ ಹೆಗಲ ಮೇಲೆ ಕೈ ಹಾಕಿದ ಹಾಗೆ. ಇಂಗ್ಲಿಷಿನಿಂದ ಇಳಿಸಿದ ಜಾಹೀರಾತು ಕನ್ನಡದಲ್ಲಿ ಹೇಗೆ ತೊದಲುತ್ತದೆ ಅನ್ನುವುದಕ್ಕೂ ಒಂದೆರಡು ಮಾದರಿ ತೆಗೆದಿಟ್ಟುಕೊಳ್ಳಿ. ಮಕ್ಕಳಿಗೆ ನಗು ಬರುತ್ತದೆ, ಪಾಠವೂ ಆಗುತ್ತದೆ.

ಕನ್ನಡ ಅಕ್ಕೋರು, ಹುಬ್ಬಳ್ಳಿ

ಜೋಡಿ ಕೊಡುವುದು ಒಪ್ಪಿಗೆ ರೀ. ಮೊದಲ ಪೀರಿಯಡ್ ಹೇಗೆ ನಡೆಸಬೇಕು, ನಿಮಿಷದ ಲೆಕ್ಕದಲ್ಲಿ ಹೇಳ್ತೀರಾ?

ಬಿ.ಎಡ್. ಬೋಧಕ, ಧಾರವಾಡ

42 ಮಕ್ಕಳಿಗೆ 7 ಗುಂಪು, ಗುಂಪಿಗೆ 6. ಜೋಡಿ ಎರಡನೇ ಪೀರಿಯಡ್‌ಗೆ ಇರಲಿ, ಮೊದಲ ದಿನ ಗುಂಪಿಗೊಂದರಂತೆ 7 ಜಾಹೀರಾತು, ಎಲ್ಲವೂ ಕಾಲು ಪುಟ ಅಥವಾ ಅದಕ್ಕಿಂತ ದೊಡ್ಡವು. ಸಣ್ಣ ವರ್ಗೀಕೃತ ಜಾಹೀರಾತು ಮೊದಲ ದಿನ ಬೇಡ.

ಹಾಳೆಯನ್ನು ಬೋರಲಾಗಿ ಇಡಿಸಿ. "ಹೊರಳಿಸಿ" ಅಂದ ಮೇಲೆ 3 ಸೆಕೆಂಡ್, ಮತ್ತೆ ಬೋರಲು. ನೆನಪಿನಲ್ಲಿ ಉಳಿದದ್ದನ್ನು ಪ್ರತಿಯೊಬ್ಬರೂ ಒಂದು ಸಾಲಿನಲ್ಲಿ ಬರೆಯಲಿ. ಪರಸ್ಪರ ಕೇಳಬಾರದು. ಆಮೇಲೆ 10 ಸೆಕೆಂಡ್, ಮತ್ತೊಂದು ಸಾಲು. ಕೊನೆಗೆ 2 ನಿಮಿಷ ಪೂರ್ತಿ ಓದು, ಮೂರನೇ ಸಾಲು. ಇಲ್ಲಿಗೆ 10 ನಿಮಿಷ ಆಗಿರುತ್ತದೆ. ಮೂರೂ ಸಾಲು ಪಕ್ಕಪಕ್ಕ ಇಟ್ಟರೆ ಜಾಹೀರಾತು ಯಾವುದನ್ನು ಮೊದಲು ಕಾಣಿಸಿತು, ಯಾವುದನ್ನು ಕೊನೆಗೆ ಉಳಿಸಿತು ಅನ್ನುವುದು ಮಕ್ಕಳ ಕೈಬರಹದಲ್ಲೇ ಸಿಗುತ್ತದೆ. ಮೊದಲ ಸಾಲಿನಲ್ಲಿ "50%" ಇರುತ್ತದೆ. "ವರೆಗೆ" ಅನ್ನುವ ಪದ ಹೆಚ್ಚಿನವರಿಗೆ ಮೂರನೇ ಸಾಲಿನ ತನಕ ಸಿಕ್ಕಿರುವುದಿಲ್ಲ.

ಮುಂದಿನ 15 ನಿಮಿಷ ಮುಚ್ಚುವ ಆಟ. ಬಿಳಿ ಹಾಳೆಯ ಪಟ್ಟಿಯಿಂದ ಮೊದಲು ಚಿತ್ರ ಮುಚ್ಚಿ ಓದಿ, ಆಮೇಲೆ ಅಕ್ಷರ ಮುಚ್ಚಿ ಚಿತ್ರ ನೋಡಿ, ಕೊನೆಗೆ ಕಂಪನಿಯ ಹೆಸರು ಮಾತ್ರ ಮುಚ್ಚಿ. ಹೆಸರು ಮುಚ್ಚಿದಾಗ ಇದು ಯಾವ ಸರಕಿನದು ಅಂತ ಗೊತ್ತಾಗದಿದ್ದರೆ ಅದು ಸರಕನ್ನಲ್ಲ, ಹೆಸರಿಗೆ ಅಂಟಿದ ಭಾವನೆಯನ್ನು ಮಾರುತ್ತಿದೆ. ಉಳಿದ 15 ನಿಮಿಷದಲ್ಲಿ ಗುಂಪಿಗೊಬ್ಬರು ಎದ್ದು ನಿಂತು ಒಂದೇ ಮಾತು ಹೇಳಬೇಕು: "ಇದು ಇಂಥವರ ಜೊತೆ ಮಾತಾಡುತ್ತದೆ, ಗುರುತು ಇಲ್ಲಿದೆ." ಗುರುತನ್ನು ಬೆರಳಿಟ್ಟು ತೋರಿಸಲೇಬೇಕು. ಬೆರಳು ಇಡಲಾಗದ ಉತ್ತರಕ್ಕೆ ಅಂಕ ಇಲ್ಲ. ಈ ಒಂದು ನಿಯಮ ಬಿಟ್ಟುಕೊಟ್ಟರೆ ಮತ್ತೆ "ಬಣ್ಣ ಚಂದ ಅದ" ಶುರುವಾಗುತ್ತದೆ.

ತಂತ್ರಗಳ ಹೆಸರು ಬೇಡ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೆಸರಿಲ್ಲದಿದ್ದರೆ ಮಕ್ಕಳು ಎರಡು ಜಾಹೀರಾತಿನಲ್ಲಿ ಕಂಡ ಒಂದೇ ಚಾಳಿಯನ್ನು ಒಂದೇ ಅಂತ ಗುರುತಿಸುವುದಿಲ್ಲ. ಐದು ಸಾಕು: ಸಾಕ್ಷಿ ಹೇಳಿಸುವುದು, ಗುಂಪು ತೋರಿಸುವುದು, ಅವಸರ ಪಡಿಸುವುದು, ಹೆದರಿಸಿ ಪರಿಹಾರ ಕೊಡುವುದು, ಬೆಲೆಯನ್ನು ಸಣ್ಣದಾಗಿ ಕಾಣಿಸುವುದು.

ಕಾಪಿರೈಟರ್, ಕೊಪ್ಪಿಕರ್ ರೋಡ್

ಸರ್, ಹೆಸರು ಬೇಡ ಅಂತಲ್ಲ, ಮೊದಲೇ ಬೇಡ. ಮೊದಲೇ ಕೊಟ್ಟರೆ ಮಕ್ಕಳು ಜಾಹೀರಾತನ್ನು ಓದುವುದಿಲ್ಲ, ಚೀಟಿ ಹಚ್ಚುತ್ತಾರೆ. ಮೂರನೇ ಪೀರಿಯಡ್‌ಗೆ ಅವರೇ "ಆ ಅವಸರ ಮಾಡಿಸೋದು" ಅಂತ ಕರೆಯುತ್ತಿರುತ್ತಾರೆ. ಆಗ ಹೆಸರು ಕೊಟ್ಟರೆ ಅಂಟುತ್ತದೆ. ಗಮನ, ಆಸಕ್ತಿ, ಬಯಕೆ, ಕ್ರಿಯೆ ಅನ್ನುವ ನಾಲ್ಕು ಮೆಟ್ಟಿಲಿನ ಸೂತ್ರವೂ ಹಾಗೆಯೇ. ಅದು ಅಮೆರಿಕದಲ್ಲಿ 19ನೇ ಶತಮಾನದ ಕೊನೆಗೆ ಹುಟ್ಟಿದ್ದು, ಎಲ್ಮೊ ಲೂಯಿಸ್ ಹೆಸರಿನ ಜೊತೆ ಬರುತ್ತದೆ. ಮಾರಾಟಗಾರನ ಕೈಪಿಡಿಗೆ ಚಲೋ. ಆದರೆ ಅದರಲ್ಲಿ "ಯಾರು" ಅನ್ನುವ ಪ್ರಶ್ನೆಯೇ ಇಲ್ಲ, ಅಕ್ಕೋರ ತೊಡಕು ಇರುವುದೇ ಅಲ್ಲಿ.

ಡಿಟಿಪಿ, ಗದಗ

ಎಲ್ಲರೂ ಮಾತಿನ ಬಗ್ಗೆ ಹೇಳಿದ್ರಿ. ಮಕ್ಕಳ ಕೈಗೆ ಸ್ಕೇಲ್ ಕೊಡ್ರಿ, ಅದು ಇನ್ನೂ ಬೇಗ ತಿಳೀತದ.

ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ, ಸುಮಾರು 0.35 ಮಿ.ಮೀ. ಸಣ್ಣಕ್ಷರದ ಷರತ್ತು 6 ಪಾಯಿಂಟ್ ಇದ್ದರೆ ಆ ಸಾಲಿಗೆ ಸಿಗುವ ಒಟ್ಟು ಎತ್ತರವೇ 2 ಮಿ.ಮೀ. ಚಿಲ್ಲರೆ. ಇಂಗ್ಲಿಷಿಗೆ ಅದು ಹೇಗೋ ನಡೀತದ. ಕನ್ನಡಕ್ಕೆ ಅಷ್ಟರೊಳಗೇ ಮೇಲಿನ ಗುಡಿಸೂ ಕೆಳಗಿನ ಒತ್ತೂ ಕೂರಬೇಕು, ಹಾಗಾಗಿ ಅಕ್ಷರದ ಮೈಗೆ ಉಳಿಯುವುದು ಅರ್ಧ. "ಷರತ್ತುಗಳು ಅನ್ವಯ" ಅನ್ನುವ ಎರಡು ಪದದಲ್ಲೇ ಎರಡು ಒತ್ತು ಇವೆ ನೋಡ್ರಿ. ನ್ಯೂಸ್‌ಪ್ರಿಂಟ್ ಮಸಿ ಹೀರಿ ಅಗಲ ಮಾಡ್ತದ, ಒತ್ತಿನ ಹೊಟ್ಟೆ ತುಂಬಿ ಚುಕ್ಕೆ ಆಗ್ತದ. ಅದೇ ಸಾಲನ್ನು ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಕೊಟ್ಟರೆ ಸುತ್ತಲಿನ ಮಸಿ ಒಳಗೆ ಹರಿದು ಅಕ್ಷರ ಇನ್ನೂ ಸಣಕಲಾಗ್ತದ. ನಾಲ್ಕು ಬಣ್ಣಕ್ಕೆ ಅಚ್ಚಿನ ನಾಲ್ಕು ಪ್ಲೇಟ್ ಇರ್ತಾವ, ಅವು ಕೂದಲೆಳೆಯಷ್ಟು ಸರಿದರಂತೂ ಓದಲಿಕ್ಕೇ ಬರೂದಿಲ್ಲ.

ಹೀಗಾಗಿ ಅಭ್ಯಾಸ: ಅತಿ ದೊಡ್ಡ ಅಕ್ಷರದ ಎತ್ತರ, ಅತಿ ಸಣ್ಣದರ ಎತ್ತರ, ಎರಡೂ ಮಿ.ಮೀ.ನಲ್ಲಿ ಅಳೆದು ಭಾಗಿಸಬೇಕು. "50%" 60 ಮಿ.ಮೀ., ಷರತ್ತು 1.5 ಮಿ.ಮೀ. ಅಂದರೆ 40 ಪಟ್ಟು. ಒತ್ತು, ಗುಡಿಸು ಬಿಟ್ಟು ಅಕ್ಷರದ ಮೈ ಮಾತ್ರ ಅಳೀಬೇಕು, ಇಲ್ಲದಿದ್ದರೆ ಗುಂಪು ಗುಂಪಿಗೆ ಬೇರೆ ಉತ್ತರ ಬಂದು ಜಗಳ.

ಇನ್ನೊಂದು, ಜಾಗದ ಲೆಕ್ಕ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ 1 ಸೆಂ.ಮೀ. ಚೌಕ ಗೀಚಿ ಜಾಹೀರಾತಿನ ಮೇಲಿಟ್ಟು ಎಣಿಸಿ. 16 × 25 ಇದ್ದರೆ 400 ಚೌಕ. ಚಿತ್ರಕ್ಕೆ ಎಷ್ಟು, ಬೆಲೆಗೆ ಎಷ್ಟು, ವಿಳಾಸಕ್ಕೆ ಎಷ್ಟು, ಖಾಲಿ ಎಷ್ಟು? ಪತ್ರಿಕೆಯವರು ರೊಕ್ಕ ತಗೊಳ್ಳೂದು ಜಾಗದ ಅಳತೆಯ ಮೇಲೆ. ಖಾಲಿ ಬಿಟ್ಟ ಜಾಗಕ್ಕೂ ದರ ಅಷ್ಟೇ. ದುಬಾರಿ ಕಾರು, ವಾಚಿನ ಜಾಹೀರಾತಿನಲ್ಲಿ ಖಾಲಿ ಹೆಚ್ಚು. ಮಾರುಕಟ್ಟೆಯ ಪಾತ್ರೆ ಅಂಗಡಿಯದರಲ್ಲಿ ಬೆರಳು ಇಡುವಷ್ಟು ಖಾಲಿ ಇರೂದಿಲ್ಲ. ರೊಕ್ಕ ಕೊಟ್ಟು ಖಾಲಿ ಯಾಕೆ ಬಿಟ್ಟರು ಅಂತ ಕೇಳ್ರಿ. ಅದರ ಉತ್ತರದೊಳಗೇ ಗಿರಾಕಿ ಯಾರು ಅನ್ನೂದು ಅದ.

ವಿಜ್ಞಾನ ಮಾಸ್ತರ, ಹಾವೇರಿ

ಹಳ್ಳಿ ಶಾಲೆಗಳಿಗೆ ಕಾರು, ವಾಚು ದೂರ. ಬೀಜದ ಜಾಹೀರಾತು ಹಿಡಿಯಿರಿ. ರೋಹಿಣಿ ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಪೇಪರ್ ಮತ್ತು ಕರಪತ್ರ ಎರಡರಲ್ಲೂ ತುಂಬಿರುತ್ತವೆ. ಅದೇ ಕಂಪನಿ ನವೆಂಬರ್‌ನಲ್ಲಿ ಹತ್ತಿ ಬೀಜದ ಸುದ್ದಿ ಎತ್ತುವುದಿಲ್ಲ. ಯಾವ ತಿಂಗಳು ಅನ್ನುವುದೂ ಗಿರಾಕಿಯ ಗುರುತೇ.

ಬಿಟಿ ಹತ್ತಿಯಲ್ಲಿ ಒಂದು ವಿಶೇಷ ಇದೆ. ಅದರ ಪ್ಯಾಕೆಟ್ಟಿಗೆ ಕೇಂದ್ರ ಸರ್ಕಾರವೇ ಗರಿಷ್ಠ ಮಾರಾಟ ದರ ನಿಗದಿ ಮಾಡುತ್ತದೆ. ಎಲ್ಲ ಕಂಪನಿಗೂ ಅದೇ ಮಿತಿ ಆದ್ದರಿಂದ "ನಮ್ಮದು ಅಗ್ಗ" ಅಂತ ಮೆರೆಯಲು ಜಾಗ ಕಡಿಮೆ. ಹಾಗಾದರೆ ಬೇರೆ ಏನು ಹೇಳಿ ಒಲಿಸುತ್ತಾರೆ? ಕೈ ತುಂಬ ಕಾಯಿ ಹಿಡಿದ ರೈತ, ಅವರ ಹೆಸರು, ಊರು, ತಾಲ್ಲೂಕು, "ಎಕರೆಗೆ ಇಷ್ಟು ಕ್ವಿಂಟಲ್". ಸಿನಿಮಾ ನಟನಿಗಿಂತ ಪಕ್ಕದ ತಾಲ್ಲೂಕಿನ ರೈತ ಇಲ್ಲಿ ದೊಡ್ಡ ಸಾಕ್ಷಿ. ಊರಿನ ಹೆಸರು ಗುರುತಿನದಾದಷ್ಟೂ ನಂಬಿಕೆ ಹೆಚ್ಚು, ಅದಕ್ಕೇ ಹಾವೇರಿಗೆ ಬರುವ ಕರಪತ್ರದಲ್ಲಿ ರಾಣೆಬೆನ್ನೂರು, ಸವಣೂರಿನ ಕಡೆಯ ಊರು ಇರುತ್ತವೆ.

ಇಲ್ಲಿ ಮಕ್ಕಳಿಗೆ ಕೊಡಬೇಕಾದ ಕೆಲಸ, ಬಿಟ್ಟುಹೋದದ್ದರ ಪಟ್ಟಿ. ಎರಿ (ಕಪ್ಪು) ಭೂಮಿಯೋ ಮಸಾರಿಯೋ (ಕೆಂಪು)? ನೀರಾವರಿಯೋ ಮಳೆಯಾಶ್ರಯವೋ? ಸಾಲಿನ ಅಂತರ, ಔಷಧಿ ಎಷ್ಟು ಸಲ ಹೊಡೆದದ್ದು? ಎಷ್ಟು ಎಕರೆಯ ಸರಾಸರಿ ಅದು, ಅಥವಾ ಒಂದು ಮಡಿಯ ಲೆಕ್ಕವೋ? ಒಕ್ಕಲುತನದ ಮನೆಯ ಮಕ್ಕಳು ಈ ಪಟ್ಟಿಯನ್ನು ಮಾಸ್ತರರಿಗಿಂತ ಚೆನ್ನಾಗಿ ಮಾಡುತ್ತಾರೆ. ಖಾಲಿ ಪ್ಯಾಕೆಟ್ ಸಿಕ್ಕರೆ ತರಿಸಿ, ಅದರ ಲೇಬಲ್ಲಿನ ಮೊಳಕೆ ಪ್ರಮಾಣ, ಪರೀಕ್ಷೆಯ ದಿನಾಂಕ, ಅವಧಿ ಓದಿಸಿ. ಜಾಹೀರಾತಿನ ಭಾಷೆಗೂ ಲೇಬಲ್ಲಿನ ಭಾಷೆಗೂ ಇರುವ ಅಂತರ ಅಲ್ಲೇ ಕಾಣುತ್ತದೆ. ಖಾಲಿ ಪ್ಯಾಕೆಟ್ ಅಂದರೂ ಬೀಜೋಪಚಾರದ ಔಷಧಿ ಅಂಟಿರುತ್ತದೆ. ಪಾರದರ್ಶಕ ಚೀಲದೊಳಗೆ ಹಾಕಿಯೇ ಮಕ್ಕಳ ಕೈಗೆ ಕೊಡಬೇಕು.

ಗ್ರಾಹಕ ಕಾನೂನು, ಧಾರವಾಡ

ಧಾರವಾಡದವರಿಗೆ ಸಪ್ತಾಪುರ ಬಡಾವಣೆಯ, ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಪೋಸ್ಟರುಗಳಿಗಿಂತ ಬೇರೆ ಪಠ್ಯ ಬೇಕೇ? ಪಾಸ್‌ಪೋರ್ಟ್ ಗಾತ್ರದ 40 ಫೋಟೋ, ಮೇಲೆ "ನಮ್ಮ ಸಾಧಕರು". ಗುಂಪು ತೋರಿಸುವುದು, ಸಾಕ್ಷಿ ಹೇಳಿಸುವುದು, ಎರಡೂ ಒಟ್ಟಿಗೆ. ಕೇಳಬೇಕಾದ ಪ್ರಶ್ನೆ: ಈ 40 ಜನ ಎಷ್ಟು ಜನರಲ್ಲಿ 40? ಯಾವ ಕೋರ್ಸ್ ಓದಿದರು, ಪೂರ್ತಿ ತರಬೇತಿಯೋ, ಸಂದರ್ಶನದ ತಯಾರಿ ಮಾತ್ರವೋ? ಅದೇ ಮುಖ ಇನ್ನೊಂದು ಪೋಸ್ಟರಿನಲ್ಲೂ ಇದೆಯೇ?

ಇದಕ್ಕೆ ಕಾನೂನಿನ ಬಲವೂ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂ. ತನಕ, ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡ ಹಾಕಬಹುದು. 2022ರ ಮಾರ್ಗಸೂಚಿ ಆಮಿಷ ಒಡ್ಡುವ ಜಾಹೀರಾತಿನ ಬಗ್ಗೆ, ಅಂದರೆ ಕಡಿಮೆ ಬೆಲೆ ತೋರಿಸಿ ಒಳಗೆ ಕರೆಸಿ ಬೇರೇನೋ ಮಾರುವುದರ ಬಗ್ಗೆ ಹೇಳುತ್ತದೆ. ಮಕ್ಕಳನ್ನು ಗುರಿಯಾಗಿಸುವ ಜಾಹೀರಾತಿಗೂ ಅದರಲ್ಲಿ ಕಟ್ಟಳೆ ಇದೆ. 2024ರ ನವೆಂಬರ್‌ನಲ್ಲಿ ಕೋಚಿಂಗ್ ಕ್ಷೇತ್ರಕ್ಕೇ ಪ್ರತ್ಯೇಕ ಮಾರ್ಗಸೂಚಿ ಬಂತು: ಅಭ್ಯರ್ಥಿಯ ಹೆಸರು, ಫೋಟೋ ಬಳಸಬೇಕಾದರೆ ಆಯ್ಕೆಯಾದ ಮೇಲೆ ಅವರ ಲಿಖಿತ ಒಪ್ಪಿಗೆ ಪಡೆಯಬೇಕು, ಅವರು ಯಾವ ಕೋರ್ಸ್ ತೆಗೆದುಕೊಂಡಿದ್ದರು ಅಂತ ಹೇಳಬೇಕು. ಸೇರುವಾಗಲೇ ಸಹಿ ಹಾಕಿಸಿಕೊಂಡರೆ ನಡೆಯುವುದಿಲ್ಲ.

ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ, ಎತ್ತರ ಬೆಳೆಸುತ್ತೇವೆ ಅನ್ನುವ ಔಷಧಿ ಜಾಹೀರಾತು ಸಿಕ್ಕರೆ ಅದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಎತ್ತರದ್ದು 9ನೇ ತರಗತಿಯವರಿಗೆ ನೇರ ನಾಟುತ್ತದೆ, ಗುರಿ ಅವರೇ. ನಿವೇಶನದ ಜಾಹೀರಾತಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಆ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಹುಡುಕಿಸಿ. ನೋಂದಣಿ ಬೇಕಾದ ಯೋಜನೆ ಆದರೆ ಎರಡೂ ಎದ್ದು ಕಾಣುವಂತೆ ಇರಬೇಕು.

ಆದರೆ ಒಂದು ಎಚ್ಚರಿಕೆ. ಕಾನೂನಿನಿಂದ ಶುರು ಮಾಡಿದರೆ ಪಾಠ ಪೊಲೀಸ್ ತಪಾಸಣೆ ಆಗುತ್ತದೆ, "ಎಲ್ಲಾ ಜಾಹೀರಾತೂ ಸುಳ್ಳು" ಅಂತ ಬರೆದು ಮಕ್ಕಳು ಕೈ ತೊಳೆದುಕೊಳ್ಳುತ್ತಾರೆ. "ಎಲ್ಲರಿಗೂ" ಅನ್ನುವಷ್ಟೇ ಸೋಮಾರಿ ಉತ್ತರ ಅದು. ಹೆಚ್ಚಿನ ಜಾಹೀರಾತು ಸುಳ್ಳು ಹೇಳುವುದಿಲ್ಲ. ನಿಜದ ಯಾವ ತುಂಡು ದೊಡ್ಡದು, ಯಾವುದು ಸಣ್ಣದು ಅನ್ನುವುದನ್ನು ಅದು ಆರಿಸುತ್ತದೆ.

ಲೆಕ್ಕದ ಮಾಸ್ತರ, ಗದಗ-ಬೆಟಗೇರಿ

ಆ ಕೊನೆಯ ಮಾತಿಗೆ ಲೆಕ್ಕ ಬೇಕಾದರೆ ಬಂಗಾರದಂಗಡಿ. "ತಯಾರಿಕಾ ವೆಚ್ಚದ ಮೇಲೆ 50% ರಿಯಾಯಿತಿ", ಪೂರಾ ನಿಜ. ಸುಲಭಕ್ಕೆ ಬಂಗಾರದ ಬೆಲೆ 1,00,000 ರೂ., ತಯಾರಿಕಾ ವೆಚ್ಚ 12% ಅಂತ ಇಟ್ಟುಕೊಳ್ಳಿ, ಜಿಎಸ್‌ಟಿ ಬದಿಗಿಡಿ. ಒಟ್ಟು 1,12,000. ರಿಯಾಯಿತಿ 6,000. ಇಡೀ ಬಿಲ್ಲಿನ ಮೇಲೆ ಅದು 5.4% ಮಾತ್ರ. ರಿಯಾಯಿತಿ ಇಲ್ಲದ ಪಕ್ಕದ ಅಂಗಡಿ ತಯಾರಿಕೆಗೆ 5% ಹಾಕಿದರೆ 1,05,000ಕ್ಕೇ ಸಿಗುತ್ತದೆ, "50%" ಅಂಗಡಿಯಲ್ಲಿ 1,06,000. ಕಣ್ಣಿಗೆ ಬಿದ್ದದ್ದು 50, ಕೈಗೆ ಬಂದದ್ದು 5. ಇದನ್ನು ಬೋರ್ಡಿನ ಮೇಲೆ ನೀವೇ ಮಾಡಬೇಡಿ, ಗುಂಪಿನಲ್ಲಿ ಮಾಡಿಸಿ.

ನಿವೇಶನದ್ದೂ ಹಾಗೆ. "ಚದರ ಅಡಿಗೆ ಕೇವಲ 999 ರೂ." ಅಂದರೆ 30 × 40ಕ್ಕೆ 11,98,800, ನೋಂದಣಿ ಖರ್ಚು ಬೇರೆ. ಗುಂಟೆ ಅಂದರೆ 1,089 ಚದರ ಅಡಿ, ಹೊಲದ ಲೆಕ್ಕ ಗೊತ್ತಿರುವ ಮನೆಗೆ ಗುಂಟೆಯಲ್ಲಿ ಹೇಳಿದರೆ ಬೆಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ನೋಡಿ. ಅಂದರೆ ಅಳತೆಯ ಘಟಕ ಕೂಡ ಗಿರಾಕಿ ನೋಡಿ ಆರಿಸಿದ್ದು. "ಹೆದ್ದಾರಿಯಿಂದ 5 ನಿಮಿಷ" ಅನ್ನುವುದು ದೂರವೇ ಅಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ 5 ಕಿ.ಮೀ., ನಡೆದರೆ ಒಂದು ಗಂಟೆ.

ಕನ್ನಡ ಅಕ್ಕೋರು, ಹುಬ್ಬಳ್ಳಿ

ಮೂರು-ನಾಲ್ಕನೇ ಪೀರಿಯಡ್ ತುಂಬಿತು ರೀ. ಐದನೆಯದಕ್ಕೆ ಮಕ್ಕಳೇ ಜಾಹೀರಾತು ಮಾಡಬೇಕು ಅಂದರೆ ಚಾರ್ಟ್ ಮೇಲೆ ಹೂವು ಬಳ್ಳಿ ಬಿಡಿಸಿ ಕಾಲ ಕಳೆಯುತ್ತಾರೆ. ಅದನ್ನು ತಪ್ಪಿಸುವುದು ಹೇಗೆ?

ಕಾಪಿರೈಟರ್, ಕೊಪ್ಪಿಕರ್ ರೋಡ್

ಬಣ್ಣ ಕೊಡಲೇಬೇಡಿ. ಪೆನ್ಸಿಲ್, ಎ4 ಹಾಳೆಯ ಅರ್ಧ, ಚಿತ್ರದ ಜಾಗಕ್ಕೆ ಚೌಕ ಹಾಕಿ ಒಳಗೆ "ಇಲ್ಲಿ ಇಂಥ ಚಿತ್ರ" ಅಂತ ಬರೆದರೆ ಸಾಕು. ಒಟ್ಟು ಪದ 40 ಮೀರಬಾರದು.

ಸರಕು ಒಂದೇ ಇರಲಿ, ಗಿರಾಕಿ ಬದಲಾಗಲಿ. ಬ್ಯಾಡಗಿ ಮೆಣಸಿನಕಾಯಿ ಪುಡಿ ತಗೊಳ್ಳಿ. ಅದರ ನಿಜವಾದ ಗುಣ ಬಣ್ಣ ಗಾಢ, ಖಾರ ಕಡಿಮೆ. 2011ರಿಂದ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಈ ಮೂರು ಸಂಗತಿ ಎಲ್ಲ ಗುಂಪಿಗೂ ಸಮಾನ, ಹೊಸದು ಹುಟ್ಟಿಸುವಂತಿಲ್ಲ. ದರ, ಅಳತೆಯ ಅಂಕಿ ಬರಬೇಕಾದ ಕಡೆ ಖಾಲಿ ಗೆರೆ ಸಾಕು. ಗಿರಾಕಿಯ ಚೀಟಿ ಎತ್ತಲಿ: ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಾವೇರಿಯವರು, ಖಾನಾವಳಿ ನಡೆಸುವವರು, ಸಣ್ಣ ಮಕ್ಕಳಿರುವ ತಾಯಂದಿರು, ಹೊರರಾಜ್ಯದ ಮಸಾಲೆ ಕಾರ್ಖಾನೆಯವರು. ಬೆಂಗಳೂರಿಗೆ ಊರಿನ ನೆನಪು ಮುಂದೆ ಬರುತ್ತದೆ. ಖಾನಾವಳಿಗೆ ಕೆಜಿಗೆ ಎಷ್ಟು, ಸಾರು ಎಷ್ಟು ಕೆಂಪಾಗುತ್ತದೆ. ತಾಯಂದಿರಿಗೆ "ಖಾರ ಕಡಿಮೆ". ಕಾರ್ಖಾನೆಯವರಿಗೆ ಬಣ್ಣದ ಪ್ರಮಾಣ ಆಸ್ಟಾ ಎಂಬ ಮಸಾಲೆ ಬಣ್ಣದ ಮಾಪನದಲ್ಲಿ, ಜೊತೆಗೆ ತೇವಾಂಶ. ಚಿತ್ರ ಇಲ್ಲದಿದ್ದರೂ ನಡೆಯುತ್ತದೆ.

ಮುಗಿದ ಮೇಲೆ ಚೀಟಿ ಬಚ್ಚಿಟ್ಟು ಹಾಳೆಗಳನ್ನು ಗುಂಪು ಗುಂಪಿಗೆ ಅದಲು ಬದಲು ಮಾಡಿ. ಓದಿದ ಗುಂಪು ಗಿರಾಕಿ ಯಾರು ಅಂತ ಹೇಳಬೇಕು. ಹೇಳಲಾಗದಿದ್ದರೆ ಬರೆದವರದ್ದು ತಪ್ಪು, ಓದಿದವರದ್ದಲ್ಲ. ಅಲ್ಲಿ ಒಂದು ಕಳ್ಳದಾರಿ ಇದೆ: "ತಾಯಂದಿರೇ!" ಅಂತ ತಲೆಬರಹದಲ್ಲೇ ಕೂಗಿಬಿಡುತ್ತಾರೆ. ಗಿರಾಕಿಯ ಹೆಸರು ನೇರ ಬಳಸಬಾರದು ಅಂತ ಮೊದಲೇ ಹೇಳಿ.

ಬಿ.ಎಡ್. ಬೋಧಕ, ಧಾರವಾಡ

ಅಂಕ 20 ಅಂದರೆ ಹೀಗೆ ಹಂಚಬಹುದು: ಗಿರಾಕಿಯನ್ನು ಗುರುತಿಸಿ ಬೆರಳಿಟ್ಟು ತೋರಿಸಿದ್ದಕ್ಕೆ 8, ಬಿಟ್ಟುಹೋದದ್ದರ ಪಟ್ಟಿಗೆ 5, ತಾವು ಬರೆದ ಜಾಹೀರಾತಿನ ಪ್ರತಿ ಆಯ್ಕೆಗೆ ಕಾರಣ ಬರೆದದ್ದಕ್ಕೆ 5, ಅಚ್ಚುಕಟ್ಟಿಗೆ 2. ಅಚ್ಚುಕಟ್ಟಿಗೆ 5 ಕೊಟ್ಟಿರೋ, ಹೂವು ಬಳ್ಳಿ ವಾಪಸ್ ಬರುತ್ತದೆ. ಕಾರಣದ ಸಾಲು "ಆದ್ದರಿಂದ" ಅಂತ ಮುಗಿಯದೆ "ಇಂಥವರಿಗೆ ಇದು ಬೇಕು, ಯಾಕಂದರೆ" ಅಂತ ಇರಲಿ.

ಕನ್ನಡ ಅಕ್ಕೋರು, ಹುಬ್ಬಳ್ಳಿ

ಇದು ಬಹಳ ಉಪಯೋಗ ಆಯ್ತು ಎಲ್ಲರಿಗೂ. ಕೊನೆಯದೊಂದು: ಊರಿನದೇ ಅಂಗಡಿ, ಕೋಚಿಂಗ್ ಸೆಂಟರಿನ ಜಾಹೀರಾತು ತರಗತಿಗೆ ತರುವುದು ಸರಿಯೇ? ಮಕ್ಕಳ ಮನೆಯವರೇ ಅಲ್ಲಿ ಕೆಲಸದಲ್ಲಿರಬಹುದು.

ಗ್ರಾಹಕ ಕಾನೂನು, ಧಾರವಾಡ

ತನ್ನಿ, ಆದರೆ ಹೆಸರು, ಫೋನ್ ನಂಬರ್, ಅಭ್ಯರ್ಥಿಗಳ ಮುಖ ಮೂರಕ್ಕೂ ಕಾಗದದ ಟೇಪ್ ಹಚ್ಚಿ. "ಈ ಅಂಗಡಿ ಮೋಸ" ಅನ್ನುವ ತೀರ್ಪು ಬೋರ್ಡಿನ ಮೇಲೆ ಬರೆಯಬೇಡಿ, "ಈ ಸಾಲು ಇದನ್ನು ಹೇಳಿಲ್ಲ" ಅಂತ ಬರೆಯಿರಿ. ಮನೆಯಲ್ಲಿ ಯಾರಿಗಾದರೂ ನಿಜವಾಗಿ ದೂರು ಕೊಡಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಡಿಟಿಪಿ, ಗದಗ

ಸೆಲ್ಲೋ ಟೇಪ್ ಹಚ್ಚಬ್ಯಾಡ್ರಿ, ತೆಗೆಯುವಾಗ ನ್ಯೂಸ್‌ಪ್ರಿಂಟ್ ಹರೀತದ, ಮುಂದಿನ ವರ್ಷಕ್ಕೆ ಹಾಳೆ ಉಳಿಯೂದಿಲ್ಲ. ಪೇಂಟ್ ಅಂಗಡಿಯೊಳಗ ಸಿಗುವ ಮಾಸ್ಕಿಂಗ್ ಟೇಪ್ ತಗೋರಿ, ಮೊದಲು ಬಟ್ಟೆಗೆ ಒಂದ್ಸಲ ಒತ್ತಿ ಅಂಟು ಕಡಿಮೆ ಮಾಡಿ ಹಚ್ಚರಿ. ಮತ್ತ ಕಟ್ಟಿನೊಳಗಿಂದ ಆರಿಸುವಾಗ ಕಿಟಕಿ ಹತ್ತಿರ ಇಟ್ಟಿದ್ದನ್ನ ಬಿಡ್ರಿ. ಬಿಸಿಲಿಗೆ ಕಾಗದ ಹಳದಿ ಆಗಿ, "ಖಾಲಿ ಜಾಗ ಬಿಳಿ ಯಾಕೆ ಬಿಟ್ಟಾರ" ಅನ್ನೂ ಪ್ರಶ್ನೆಗೆ "ಅದು ಹಳದಿ ಅದ ರೀ" ಅಂತ ಉತ್ತರ ಬರ್ತದ.